ಗೋಡೆ ಒಡೆದ ಮನೆಯ ಏಕಾಶನ

ತಾರಾಬಾಯಿಗೆ ಹೇಸುವ ಸ್ವಭಾವ ಜಾಸ್ತಿ ಎಂಬುದು ಸತ್ತಿ ಊರಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಯಾರ ಮನೆಗೆ ಹೋದರೂ ನೀರು ಕುಡಿಯುವ ಮೊದಲು ತಂಬಿಗೆಯ ತಳ ನೋಡುವವಳು. ಸೋಸದ ನೀರೆಂದು ಅನುಮಾನ ಬಂದರೆ, ಗಂಟಲು ಒಣಗಿ ಕಟ್ಟಿಗೆಯಾಗಿದ್ದರೂ, "ಈಗಷ್ಟ ಕುಡದು ಬಂದೀನ್ರಿ" ಎಂದು ತಂಬಿಗೆಯನ್ನು ಹಾಗೇ ಕೆಳಗಿಡುವವಳು. ನತ್ತು ಇದ್ದ ಕಡೆಯ ಮೂಗಿನ ಹೊಳ್ಳೆ ತುಸು ಮೇಲೆದ್ದಿತೆಂದರೆ ಓಣಿಯ ಹೆಂಗಸರು ಒಬ್ಬರನ್ನೊಬ್ಬರು ತಿವಿದು ನಗುತ್ತಿದ್ದರು. ಇಂಥವಳು ಒಂದು ಸಂಜೆ ಪಾಯಖಾನೆಯ ಬಾಗಿಲು ಹಾಕಿಕೊಂಡು, ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತು ರೊಟ್ಟಿ ತಿಂದಳು. ಆ ಗತಿ ತಂದದ್ದು ಬಡತನವಲ್ಲ. ಮನೆಯನ್ನು ಸುಧಾರಿಸಿದ್ದು.

ಅವಳು ಹುಟ್ಟಿದ್ದು ಕರೋಶಿಯಲ್ಲಿ, ಒಕ್ಕಲುತನದ ಜೈನರ ಮನೆಯಲ್ಲಿ. ಎಂಬತ್ತನೆಯ ಇಸವಿಯ ವೈಶಾಖದಲ್ಲಿ, ಹದಿನೆಂಟು ತುಂಬಿದೊಡನೆ, ಸತ್ತಿಯ ಭಾವುಸಾಹೇಬರ ಒಬ್ಬನೇ ಮಗ ಪಾರಿಸನಿಗೆ ಕೊಟ್ಟರು. ಹೊಳೆಯ ದಂಡೆಯ ಕಬ್ಬಿನ ಹೊಲ, ಬಾಗಿಲಲ್ಲಿ ನಾಲ್ಕು ಎಮ್ಮೆ, ಒಬ್ಬನೇ ಮಗ. ಕೊಡುವವರಿಗೆ ಇದಕ್ಕಿಂತ ಇನ್ನೇನು ಬೇಕು? ಹುಡುಗಿಯನ್ನು ಕೇಳುವ ಪದ್ಧತಿ ಕರೋಶಿಯಲ್ಲೂ ಇರಲಿಲ್ಲ, ಸತ್ತಿಯಲ್ಲೂ ಇರಲಿಲ್ಲ.

ಆ ಮನೆ ಆಗ ಹಳೆಯ ಕಾಲದ್ದು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಸಾಗವಾನಿ ಕಂಬ, ಮೇಲೆ ಮಣ್ಣಿನ ಮಾಳಿಗೆ. ಮುಂದೆ ದನದ ಕೊಟ್ಟಿಗೆ, ಆಮೇಲೆ ಗಂಡಸರು ಕೂರುವ ಪಡಸಾಲೆ, ಅದರಾಚೆ ನಡುಮನೆ, ಎಲ್ಲಕ್ಕಿಂತ ಹಿಂದೆ ಅಡುಗೆಮನೆ. ಅಡುಗೆಮನೆಗೆ ಒಂದೇ ಒಂದು ಬೆಳಕಿಂಡಿ. ಹಾಡುಹಗಲೂ ಕತ್ತಲೆ, ಹೊಗೆ. ಮಾವನ ಎದುರು ಸೊಸೆ ಕೂರುವಂತಿರಲಿಲ್ಲ, ತಲೆಯ ಮೇಲಿನ ಸೆರಗು ಜಾರುವಂತಿರಲಿಲ್ಲ, ಅವರೊಡನೆ ನೇರವಾಗಿ ಮಾತಾಡುವಂತಿರಲಿಲ್ಲ. ಪರ ಗಂಡಸರ ಕಣ್ಣೆದುರು ಹೆಂಗಸರು ತುತ್ತು ಎತ್ತುವುದಂತೂ ಕನಸಿನ ಮಾತು. ಅತ್ತೆ ಜಿನಮತಿ, ಆ ಮನೆಗೆ ಬಂದು ಮೂವತ್ತು ವರ್ಷ ಕಳೆದಿದ್ದರೂ, ಗಂಡನ ಎದುರು ಕುಳಿತದ್ದನ್ನು ಯಾರೂ ನೋಡಿರಲಿಲ್ಲ.

ಜಿನಮತಿ ಮೆತ್ತಗಿನ ಹೆಂಗಸಲ್ಲ. ರೊಟ್ಟಿ ಕರಕಾದರೆ ಕರೋಶಿಯ ತನಕ ಹೋಗಿ ಬರುವಂತೆ ಬೈಯುವವಳು. ಆದರೆ ಮೊದಲ ದಿನವೇ ಸೊಸೆಯನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ, ತನ್ನ ತಲೆಯ ಸೆರಗನ್ನು ಕಿತ್ತು ಹೆಗಲಿಗೆ ಹಾಕಿಕೊಂಡು, ಒಲೆಯ ಪಕ್ಕ ಎರಡೂ ಕಾಲು ಚಾಚಿ ಕುಳಿತಿದ್ದಳು.

"ಬಾ, ನೀನೂ ಕುಂಡ್ರು. ಈ ಗ್ವಾಡಿ ಆಚಿಗೆ ಮಂದಿ ಮನಿ. ಈಚಿಗೆ ನಮ್ದು. ಇಲ್ಲಿ ಕಾಲ ಚಾಚಿ ಕುಂಡ್ರಬೇಕು."

ಹನ್ನೊಂದು ವರ್ಷ ಆ ಗೋಡೆಯ ಈಚೆ ತಾರಾಬಾಯಿ ಬದುಕಿದಳು. ಅಲ್ಲೇ ನಕ್ಕಳು, ಅತ್ತಳು, ಅಲ್ಲೇ ಮಗಳು ಮಂಗಲಳಿಗೆ ಹಾಲು ಕುಡಿಸಿದಳು, ಮಾವ ಕೆಮ್ಮುವ ರೀತಿಯನ್ನು ಅಣಕಿಸಿ ಅತ್ತೆಗೆ ಬಿಕ್ಕಳಿಕೆ ಬರುವಂತೆ ನಗಿಸಿದಳು. ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಹೀಗಾಗಿ ಗಂಡಸರ ಊಟ ಮುಗಿದು, ಬೆಳಕಿಂಡಿಯ ಬಿಸಿಲು ಗೋಡೆಯ ಮಾಡದ ತನಕ ಏರಿದಾಗ, ಅತ್ತೆ ಸೊಸೆ ಇಬ್ಬರೂ ಎದುರುಬದುರು ಕುಳಿತು ಉಣ್ಣುತ್ತಿದ್ದರು. ದಿನವಿಡೀ ಕಚ್ಚಾಡಿದ್ದರೂ ಆ ಒಂದು ಹೊತ್ತು ಒಬ್ಬರ ತಾಟಿಗೆ ಒಬ್ಬರು ಕೈ ಹಾಕುತ್ತಿದ್ದರು.

ಇನ್ನು ಭಾವುಸಾಹೇಬರ ಸುದ್ದಿ. ಊರ ಸೊಸಾಯಿಟಿಯ ಚೇರಮನ್ನರಾದ ಮೇಲೆ ಅವರ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ತೊಂಬತ್ತೊಂದರ ಸಂಕ್ರಾಂತಿಗೆ ಅವರು ನಿಪ್ಪಾಣಿಗೆ ಹೋದರು. ಅಲ್ಲಿನ ತಂಬಾಕಿನ ವ್ಯಾಪಾರಿ ತಾತ್ಯಾಸಾಹೇಬರು ಅವರ ಹಳೆಯ ಗೆಳೆಯರು, ತಮ್ಮ ವಾಡೆಯ ಒಳಗೋಡೆಗಳನ್ನು ತೆಗೆಸಿ ಹೊಸ ನಮೂನೆ ಮಾಡಿಸಿದ್ದರು. ತಿರುಗಿ ಬಂದ ದಿನ ಭಾವುಸಾಹೇಬರು ಪಡಸಾಲೆಯಲ್ಲಿ ನಿಂತು, ಊರಿಗೆಲ್ಲ ಕೇಳುವಂತೆ ಹೇಳಿದರು.

"ಗ್ವಾಡಿನ ಇಲ್ಲೋ! ಕುಂಡ್ರಾಕ, ಉಣ್ಣಾಕ, ಅಡಗಿ ಮಾಡಾಕ ಎಲ್ಲಾ ಒಂದ ಹಾಲ್. ಸೋಫಾದಾಗ ಕುಂತ ಚಹಾ ಕುದಿಯೂದು ನೋಡಬಹುದು. ಕಮಲಾಬಾಯಿ ವಹಿನಿ ಅಲ್ಲಿಂದಲೇ ನಕ್ಕೋತ ಮಾತಾಡಿಸ್ತಾರ. ಓಪನ್ ಪ್ಲ್ಯಾನ್ ಅಂತಾರ ಅದಕ್ಕ. ನಾವು ಇನ್ನೂ ಗವಿಯಾಗ ಅದೀವಿ."

ಅವರು ನೋಡಿದ್ದು ಅಷ್ಟೇ. ಚಹಾ ಕೊಟ್ಟ ಮೇಲೆ ತಾತ್ಯಾಸಾಹೇಬರ ಹೆಂಡತಿ ಕಮಲಾಬಾಯಿ ಬಂದು ಗಂಡನ ಪಕ್ಕದಲ್ಲೇ ಸೋಫಾದ ಮೇಲೆ ಕುಳಿತು, ತಾನೂ ಒಂದು ಕಪ್ಪು ಕುಡಿದದ್ದು ಅವರ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಆ ಮನೆಯಲ್ಲಿ ಗೋಡೆ ಬೀಳುವುದಕ್ಕಿಂತ ಹತ್ತು ವರ್ಷ ಮೊದಲೇ ಹೆಂಗಸರು ಕುಳಿತಿದ್ದರು. ಭಾವುಸಾಹೇಬರು ಹಾಲನ್ನು ಸತ್ತಿಗೆ ತಂದರು, ಕೂರುವುದನ್ನು ನಿಪ್ಪಾಣಿಯಲ್ಲೇ ಬಿಟ್ಟು ಬಂದರು.

ಚಿಕ್ಕೋಡಿಯಿಂದ ಜ್ಞಾನದೇವನೆಂಬ ನಕಾಶೆಯವನು ಬಂದ. ಬಗಲಲ್ಲಿ ನೀಲಿ ಹಾಳೆಯ ಸುರುಳಿ, ಬಾಯಲ್ಲಿ ಗುಟಕಾ. ಮನೆಯ ಮೂಲೆ ಮೂಲೆಗೂ ಹೋಗಿ ಟೇಪು ಹಿಡಿದ, ಹೋದಲ್ಲೆಲ್ಲ ಉಗುಳಿದ. ಅಡುಗೆಮನೆಯೊಳಗೂ ಚಪ್ಪಲಿ ಹಾಕಿಕೊಂಡೇ ನುಗ್ಗಿದ. ತಾರಾಬಾಯಿ ಅವನು ಹೋದ ಮೇಲೆ ನೆಲವನ್ನು ಎರಡು ಸಲ ಸಾರಿಸಿದಳು, ಆದರೂ ಅಲ್ಲಿ ಕುಳಿತು ಉಣ್ಣಲು ಮನಸ್ಸಾಗಲಿಲ್ಲ.

ಗೋಡೆ ಬೀಳಿಸಲು ಊರಿನ ಗೌಂಡಿ ಮಾಳಸಿದ್ದನನ್ನು ಕರೆಸಿದರು. ಅವನಪ್ಪನೇ ಆ ಗೋಡೆಗೆ ಮೂರು ಸಲ ಮಣ್ಣು ಮೆತ್ತಿದ್ದ. ಮಾಳಸಿದ್ದ ನೀಲಿ ಹಾಳೆಯನ್ನು ಬಹಳ ಹೊತ್ತು ನೋಡಿ, ತಲೆ ಕೆರೆದುಕೊಂಡು ಒಂದೇ ಮಾತು ಕೇಳಿದ.

"ಎಲ್ಲಾ ಛಲೋ ಐತ್ರಿ ಸಾಹೇಬ್ರ. ಹೆಂಗಸರು ಎಲ್ಲಿ ಕುಂಡ್ರೂದು?"

ಜ್ಞಾನದೇವ ಹಲ್ಲು ಕಿಸಿದ. "ಸೋಫಾ ಹಾಕೂದು ಯಾತಕ್ಕೋ ಮಾರಾಯಾ?"

ಭಾವುಸಾಹೇಬರೂ ನಕ್ಕರು. ಬಾಗಿಲ ಮರೆಯಲ್ಲಿ ನಿಂತಿದ್ದ ತಾರಾಬಾಯಿ ಅತ್ತೆಯ ಮುಖ ನೋಡಿದಳು. ಜಿನಮತಿ ಸೆರಗನ್ನು ಇನ್ನೂ ಒಂದು ಬೆರಳು ಮುಂದಕ್ಕೆ ಎಳೆದುಕೊಂಡಳು, ಅಷ್ಟೆ. ಬಾಯಿ ತೆರೆಯುವ ಹಕ್ಕು ಇಬ್ಬರಿಗೂ ಇರಲಿಲ್ಲ.

ಬೇಸಿಗೆಯಲ್ಲಿ ಗೋಡೆಗಳು ಬಿದ್ದವು. ಒಳಗೋಡೆ ಮೂರೂ ಹೋದವು, ಸಾಗವಾನಿ ಕಂಬಗಳು ಲಾರಿ ಹತ್ತಿದವು. ಕೊಟ್ಟಿಗೆಯ ಎಮ್ಮೆಗಳನ್ನು ಹೊಲಕ್ಕೆ ಸಾಗಿಸಿದರು. ಹಿತ್ತಲನ್ನೂ ಬಿಡಲಿಲ್ಲ. ಅಲ್ಲಿನ ನುಗ್ಗೆ ಗಿಡ ಕಡಿದು, ಪಕ್ಕದ ಮನೆಯ ಗೋಡೆಗೆ ತಾಗುವ ತನಕ ಹಾಲನ್ನು ಹಿಗ್ಗಿಸಿದರು. ಮಣ್ಣಿನ ಮಾಳಿಗೆಯ ಬದಲು ಸ್ಲ್ಯಾಬು ಬಿತ್ತು. ಮೇಲೆ ಎರಡು ಮಲಗುವ ಕೋಣೆ ಬರಬೇಕಿತ್ತು. "ಮುಂದಿನ ಹಂಗಾಮಕ್ಕ ನೋಡೂಣು" ಎಂದು ಭಾವುಸಾಹೇಬರು ಕೈ ಕೊಡವಿದರು. ಸ್ಲ್ಯಾಬಿನ ಮೇಲೆ ಕಬ್ಬಿಣದ ಸಲಾಕೆಗಳು ಆಕಾಶ ನೋಡುತ್ತ ನಿಂತವು. ಒಟ್ಟಿನಲ್ಲಿ ಇಡೀ ಮನೆಗೆ ಒಂದೇ ಹಾಲು, ಬಾಗಿಲೆಂಬುದು ಇದ್ದದ್ದು ಎರಡೇ: ಒಂದು ಬೀದಿಗೆ, ಇನ್ನೊಂದು ಗುಲಾಬಿ ಬಣ್ಣದ ಫರಸಿಕಲ್ಲು ಹಾಸಿದ ಬಚ್ಚಲಿಗೆ. ಆ ಬಚ್ಚಲಲ್ಲೇ ಪಾಯಖಾನೆಯೂ ಇತ್ತು. ಎರಡನ್ನೂ ಕೂಡಿಸಿ ಕಟ್ಟುವುದು ಈಗಿನ ಫ್ಯಾಶನ್ ಎಂದು ಜ್ಞಾನದೇವ ಹೇಳಿದ್ದ.

ದೀಪಾವಳಿ ಮುಗಿದ ಮೇಲೆ ಒಳಗೆ ಬಂದರು. ಊರಿಗೆ ಊರೇ ನೋಡಲು ಬಂತು. ಕೆಸರುಗಾಲಲ್ಲಿ ಮೊಸಾಯಿಕ್ ನೆಲದ ಮೇಲೆ ನಡೆದಾಡಿದರು, ಸೋಫಾವನ್ನು ಒತ್ತಿ ನೋಡಿದರು, ಕರಿಯ ಕಡಪಾ ಕಲ್ಲಿನ ಅಡುಗೆಕಟ್ಟೆಯ ಮೇಲೆ ಮೊಣಕೈ ಊರಿ ಮಾತಾಡಿದರು. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದಂತೆ ಗ್ಯಾಸಿನ ಒಲೆಯ ಬಾಯಿ ತಿರುಗಿಸಿ ನೋಡಿದರು. ಭಾವುಸಾಹೇಬರು ಬಂದವರಿಗೆಲ್ಲ ಪಶ್ಚಿಮದ ಗೋಡೆಯ ದೊಡ್ಡ ಗಾಜಿನ ಕಿಟಕಿ ತೋರಿಸಿ, "ಸೂರ್ಯಾ ಮುಣಗೂದು ಸೋಫಾದಾಗ ಕುಂತ ನೋಡಬಹುದು" ಎಂದರು.

ಅಡುಗೆಕಟ್ಟೆ ಹಾಲಿಗೆ ಮುಖ ಮಾಡಿತ್ತು. ರೊಟ್ಟಿ ಬಡಿಯುವವಳು ನಿಂತೇ ಬಡಿಯಬೇಕು, ಬಡಿಯುತ್ತ ಬಂದವರನ್ನು ನಗುನಗುತ್ತ ಮಾತಾಡಿಸಬೇಕು. ನಕಾಶೆಯಲ್ಲಿ ಹಾಗಿತ್ತು. ಮನೆಯಲ್ಲಿ ಮಾತ್ರ ಹಳೆಯ ಕಾಯಿದೆಗಳಲ್ಲಿ ಒಂದೂ ಬಿದ್ದಿರಲಿಲ್ಲ. ಬಸದಿಗೆ ಹೋಗಿ ಬರುವ ಹೊತ್ತು ಬಿಟ್ಟರೆ ಭಾವುಸಾಹೇಬರು ಬೆಳಗಿನಿಂದ ದೀಪ ಹಚ್ಚುವ ತನಕ ಸೋಫಾ ಬಿಡುತ್ತಿರಲಿಲ್ಲ. ಅವರು ಅಲ್ಲಿ ಕುಳಿತಿರುವ ತನಕ ಸೊಸೆ ಸೆರಗು ಹೊದ್ದು ನಿಂತಿರಬೇಕು. ಹೆಂಡತಿಯೂ ನಿಂತಿರಬೇಕು. ಜಿನಮತಿಯ ಮೊಣಕಾಲುಗಳು ಊದಿ ಕುಂಬಳಕಾಯಿಯಾದವು. ಮುಟ್ಟಾದಾಗ ಮೂರು ದಿನ ಮೂಲೆಯಲ್ಲಿ ಕೂರುವ ಪದ್ಧತಿಯಿತ್ತು, ಆದರೆ ಮೂಲೆಯೇ ಉಳಿದಿರಲಿಲ್ಲ. ದಿನಾ ಬಂದು ಕೂರುವ ಸೊಸಾಯಿಟಿಯ ಗುಮಾಸ್ತನಿಗೂ ತನ್ನ ತಿಂಗಳ ಲೆಕ್ಕ ತಿಳಿಯುತ್ತದಲ್ಲ ಎಂದು ತಾರಾಬಾಯಿಗೆ ಮೈಯೆಲ್ಲ ಹೇಸಿ ಬಂತು.

ಎಲ್ಲಕ್ಕಿಂತ ಕೆಟ್ಟದ್ದು ಸಂಜೆ. ಮಧ್ಯಾಹ್ನದ ಊಟಕ್ಕೇನೋ ದಾರಿ ಇತ್ತು, ಹತ್ತೂವರೆಗೆ ಭಾವುಸಾಹೇಬರು ಬಸದಿಗೆ ಹೋದಾಗ ಒಬ್ಬಳು ಬೀದಿಯ ಬಾಗಿಲು ಕಾಯುತ್ತ ನಿಂತರೆ ಇನ್ನೊಬ್ಬಳು ಗಡಿಬಿಡಿಯಲ್ಲಿ ನಿಂತಲ್ಲೇ ನಾಲ್ಕು ತುತ್ತು ನುಂಗುತ್ತಿದ್ದಳು. ನಾಲ್ಕು ಗಂಟೆಗೆ ಮಂದಿ ಬರಲು ಶುರು. ಚಹಾ, ಎಲೆ ಅಡಿಕೆ, ಸಕ್ಕರೆ ಕಾರಖಾನೆಯ ರಾಜಕಾರಣ. ಐದಕ್ಕೆ ಭಾವುಸಾಹೇಬರು ಎಲ್ಲರ ಎದುರೇ ಟೇಬಲ್ಲಿಗೆ ಕುಳಿತು ಉಂಡು ಢರ್ರನೆ ತೇಗುತ್ತಿದ್ದರು. ಹೊಲದಿಂದ ಬಂದ ಪಾರಿಸನೂ ಉಣ್ಣುತ್ತಿದ್ದ, ಶಾಲೆಯಿಂದ ಬಂದ ಮಂಗಲಳೂ ಉಣ್ಣುತ್ತಿದ್ದಳು. ಆಮೇಲೆ ಹೆಂಗಸರ ಸರದಿ. ಆದರೆ ಹತ್ತು ಗಂಡಸರ ಇಪ್ಪತ್ತು ಕಣ್ಣು ಎದುರಿಗಿರುವಾಗ ಉಣ್ಣುವುದು ಹೇಗೆ? ಕಟ್ಟೆಯ ಹಿಂದೆ ಬಗ್ಗಿ ಕೂತರೆ ಬಚ್ಚಲಿಗೆ ಹೋಗುವವನು ಹಾದು ಹೋಗುವುದೇ ಅಲ್ಲಿಂದ. ಸ್ಲ್ಯಾಬಿನ ಮೇಲೆ ಹೋದರೆ ಓಣಿಯೇ ನೋಡುತ್ತಿತ್ತು. ಕಿಟಕಿಯಲ್ಲಿ ಸೂರ್ಯ ಕೆಂಪಾಗಿ, ಕಬ್ಬಿನ ಮೇಲೆ ಇಳಿದು, ಮುಳುಗಿಯೇ ಬಿಡುತ್ತಿದ್ದ. ಮುಳುಗಿತೆಂದರೆ ಮುಗಿಯಿತು, ಮರುದಿನ ಬೆಳಗಿನ ತನಕ ಉಪವಾಸ. ಮಾಡಿಟ್ಟ ರೊಟ್ಟಿಯನ್ನು ತಾರಾಬಾಯಿ ಎಮ್ಮೆಗೆ ಕಳಿಸುತ್ತಿದ್ದಳು.

ಅವಳು ಒಂದು ದಿನ ಬುತ್ತಿ ಕೊಡಲು ಹೊಲಕ್ಕೆ ಹೋದಾಗ ಗಂಡನಿಗೆ ಹೇಳಿದಳು. "ಸಂಜೀಕ ಒಂದ ಅರ್ಧಾ ತಾಸು ಮಂದಿನ್ನ ಎಬ್ಬಿಸಿ ಹೊರಗಿನ ಕಟ್ಟಿ ಮ್ಯಾಲ ಕುಂಡ್ರಸ್ರಿ. ನಾನೂ ಅತ್ತೀನೂ ಉಣ್ತೀವಿ."

ಪಾರಿಸ ಒಳ್ಳೆಯವನು. ಒಳ್ಳೆಯತನ ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಬಾರದಷ್ಟು ಒಳ್ಳೆಯವನು. "ಅಪ್ಪಾಗ ಹೆಂಗ ಹೇಳ್ಲಿ? ಹೆಂಗಸರದು ನೀವು ನೀವ ಏನರ ನೋಡ್ಕೋರಿ" ಎಂದು ರೊಟ್ಟಿ ಮುರಿದ. ಅವನು ಬೆರಳು ನೆಕ್ಕುವುದನ್ನು ನೋಡಲಾಗದೆ ತಾರಾಬಾಯಿ ಮುಖ ತಿರುಗಿಸಿದಳು.

ಇಪ್ಪತ್ತು ದಿನ ಹೀಗೆ ಕಳೆದ ಮೇಲೆ, ಸೋಫಾದಲ್ಲಿದ್ದ ಯಾರೋ ಕೇಳಿದರು: "ವಹಿನಿಯವರು ಸಂಜೀಕ ಉಂಡದ್ದ ಕಾಣೂದಿಲ್ಲಲ್ರಿ?"

ಭಾವುಸಾಹೇಬರು ಹೆಂಡತಿಯ ಕಡೆ ತಿರುಗಿ ಕೂಡ ನೋಡಲಿಲ್ಲ. ತಾವೇ ಕಂಡುಹಿಡಿದವರಂತೆ ಎದೆಯುಬ್ಬಿಸಿ ಹೇಳಿದರು: "ಏಕಾಶನ ಹಿಡದಾಳ ನಮ್ಮಾಕಿ. ದಿನಕ್ಕ ಒಂದ ಊಟ. ಹೊಸಾ ಮನ್ಯಾಗ ಧರ್ಮಾನೂ ಹೆಚ್ಚಾಗೇತಿ."

ಕಟ್ಟೆಯ ಹಿಂದೆ ನಿಂತಿದ್ದ ಜಿನಮತಿಯ ಕೈಯಿಂದ ಚಮಚ ಬಿತ್ತು. ಏಕಾಶನವೆಂದರೆ ಆಟವಲ್ಲ. ಮುನಿಗಳ ಎದುರು ಕೈ ಮುಗಿದು ನೇಮ ತೆಗೆದುಕೊಂಡು ಹಿಡಿಯುವ ವ್ರತ. ಅವಳು ಯಾವ ವ್ರತವನ್ನೂ ಹಿಡಿದಿರಲಿಲ್ಲ. ಹಿಡಿಯದ ವ್ರತದ ಪುಣ್ಯ ಹೊರುವುದು ಅವಳ ಪಾಲಿಗೆ ಕಳ್ಳತನಕ್ಕಿಂತ ದೊಡ್ಡ ಪಾಪ. ಆದರೆ ನಾಲ್ಕು ಜನರ ಎದುರು ಗಂಡನ ಮಾತನ್ನು ಸುಳ್ಳು ಮಾಡುವುದು ಹೇಗೆ? ಸುಮ್ಮನಾದಳು. ಸುಮ್ಮನಾದದ್ದೇ ತಪ್ಪಾಯಿತು.

ಮಾತು ಓಣಿಗೆ ಹೋಯಿತು, ಬಸದಿಗೆ ಹೋಯಿತು, ಅಥಣಿಯ ತನಕ ಹೋಯಿತು. ಹೆಂಗಸರು ಬಂದು ಜಿನಮತಿಯ ಕಾಲು ಮುಟ್ಟತೊಡಗಿದರು. ಹಸಿವಿನಿಂದ ಕಣ್ಣು ಒಳಗೆ ಹೋದದ್ದನ್ನು ನೋಡಿ, "ಮುಖದಾಗ ತೇಜ ಬಂದೈತಿ" ಎಂದರು. ಆ ಮಾತು ಕೇಳಿ ತಾರಾಬಾಯಿಯ ನತ್ತಿನ ಕಡೆಯ ಹೊಳ್ಳೆ ಮೇಲೆದ್ದಿತು. ಆದರೆ ಅವಳೊಳಗೂ ಒಂದು ಅನುಮಾನ ಕುಳಿತಿತ್ತು. ಅತ್ತೆ ಧರ್ಮದ ಹೆಂಗಸು, ಮನಸ್ಸಿನಲ್ಲೇ ವ್ರತ ಹಿಡಿದಿರಲೂಬಹುದು. ಕೇಳಲು ಜಾಗವೆಲ್ಲಿತ್ತು? ಅತ್ತೆ ಸೊಸೆ ಗುಟ್ಟಾಗಿ ಎರಡು ಮಾತಾಡುವ ಗೋಡೆಯೇ ಬಿದ್ದಿತ್ತಲ್ಲ.

ಎರಡು ತಿಂಗಳು ತುಂಬುವ ಹೊತ್ತಿಗೆ ಭಾವುಸಾಹೇಬರು ಹೆಂಡತಿಗೆ ಸತ್ಕಾರ ಇಟ್ಟರು. ಶಾಲು, ತೆಂಗಿನಕಾಯಿ, ಅದೂ ನಿಪ್ಪಾಣಿಯಿಂದ ಬರುವ ತಾತ್ಯಾಸಾಹೇಬರ ಕೈಯಿಂದಲೇ. ಸತ್ಕಾರಕ್ಕಿಂತ ಹೆಚ್ಚಾಗಿ ಆ ಗೆಳೆಯನಿಗೆ ತಮ್ಮ ಹಾಲು ತೋರಿಸಬೇಕಿತ್ತು.

ಅದಕ್ಕೆ ಮೂರು ದಿನ ಮೊದಲು ತಾರಾಬಾಯಿಗೆ ತಡೆಯಲಾಗಲಿಲ್ಲ. ಬೆಳಗಿನಿಂದ ಸತ್ಕಾರಕ್ಕೆಂದು ಹಿಟ್ಟು ಬೀಸಿ, ಕಾಳು ಹಸನು ಮಾಡಿ ಸೋತಿದ್ದಳು. ಎದುರಿಗೆ ಗಂಡಸರು ಚುರುಮುರಿ ಮುಕ್ಕುತ್ತಿದ್ದರು. ಒಂದು ರೊಟ್ಟಿಗೆ ಶೇಂಗಾ ಹಿಂಡಿಯ ಚಟ್ನಿ ಹಚ್ಚಿ, ಸುರುಳಿ ಮಾಡಿ, ಸೆರಗಿನಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಹೋದಳು. ಒಳಗಿನಿಂದ ಚಿಲಕ ಹಾಕಿದರೆ ಅದು ಸರಿಯಾಗಿ ಕೂರಲಿಲ್ಲ. ಬಕೆಟ್ಟು ಬೋರಲು ಹಾಕಿ ಕುಳಿತಳು. ಎಷ್ಟೋ ದಿನದ ಮೇಲೆ ಹಗಲಲ್ಲಿ ಕುಳಿತದ್ದು ಅದೇ ಮೊದಲು. ಕಾಲಿಗೆ ಜೀವ ಬಂತು. ಅದರ ಹಿಂದೆಯೇ ಫಿನಾಯಿಲಿನ ವಾಸನೆ ಬಂತು, ಅದರಡಿಯಲ್ಲಿ ಇನ್ನೊಂದು ವಾಸನೆ. ಈಗಷ್ಟೇ ಸೊಸಾಯಿಟಿಯ ಗುಮಾಸ್ತ ಹೋಗಿ ಬಂದಿದ್ದ, ನೀರು ಸರಿಯಾಗಿ ಹಾಕಿರಲಿಲ್ಲ. ತಾರಾಬಾಯಿ ಮೂಗು ಮುಚ್ಚಿಕೊಂಡು ಒಂದು ತುತ್ತು ಕಚ್ಚಿದಳು. ಇನ್ನೊಂದು ಕಚ್ಚಿದಳು. ತನ್ನ ಬಾಯಿ ಅಗಿಯುವ ಸಪ್ಪಳ ತನಗೇ ಕೇಳುತ್ತಿತ್ತು. ತಾನು ನಾಯಿಗಿಂತ ಕಡೆಯಾದೆ ಎನಿಸಿತು. ನಾಯಿಯಾದರೂ ರೊಟ್ಟಿಯನ್ನು ಬಯಲಿಗೆ ಒಯ್ದು ತಿನ್ನುತ್ತದೆ.

ಆಗ ಬಾಗಿಲು ಸರಿಯಿತು. ಜಿನಮತಿ ನಿಂತಿದ್ದಳು.

ಹಲ್ಲಿ ಹರಿದ ಪಾತ್ರೆಯನ್ನು ಮೂರು ಸಲ ಬೆಳಗುವ ಅತ್ತೆ. ನೀರು ಸೋಸುವ ಅರಿವೆಯನ್ನು ಬೇರೆಯವರಿಗೆ ಮುಟ್ಟಗೊಡದ ಅತ್ತೆ. ತಾರಾಬಾಯಿ ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಎದ್ದು ನಿಂತಳು. ಜಿನಮತಿ ಒಳಗೆ ಬಂದು ಬಾಗಿಲನ್ನು ಬೆನ್ನಿನಿಂದ ಒತ್ತಿ ಮುಚ್ಚಿದಳು. ಬೈಗುಳ ಬರಲಿಲ್ಲ. ರೊಟ್ಟಿಯ ಮೇಲೆ ಕಣ್ಣು ನೆಟ್ಟು, ಬಹಳ ಸಣ್ಣ ದನಿಯಲ್ಲಿ ಹೇಳಿದಳು.

"ನನಗೂ ಒಂದ ತುತ್ತ ಕೊಡ."

ತಾರಾಬಾಯಿ ಬಾಯಲ್ಲಿದ್ದುದನ್ನು ನುಂಗಿದಳು. "ವ್ರತ ಅಲ್ರಿ ಅತ್ತೀ?"

"ಎಲ್ಲೀ ವ್ರತ? ಹಸವಾಗೇತಿ. ಎರಡ ತಿಂಗಳಾತು, ಹಸವಾಗೇತಿ."

ಜಿನಮತಿ ಕೈ ಚಾಚಿದಳು. ತಾರಾಬಾಯಿ ಕೊಡಲಿಲ್ಲ. "ಇಲ್ಲಿ ಬ್ಯಾಡ್ರಿ" ಎಂದಳು. "ನಿಮ್ಮ ಕಾಲ ಹಿಡೀತೀನಿ, ಇಲ್ಲಿ ಬ್ಯಾಡ್ರಿ." ಉಳಿದ ರೊಟ್ಟಿಯನ್ನು ಸೆರಗಿಗೆ ಕಟ್ಟಿದಳು. ಹೊರಗೆ ಬಂದು ನೋಡಿದರೆ ಕಿಟಕಿಯಲ್ಲಿ ಸೂರ್ಯ ಮುಳುಗಿ ಆಗಿತ್ತು. ಭಾವುಸಾಹೇಬರು ಅದನ್ನು ಮಂದಿಗೆ ತೋರಿಸುತ್ತ, ಹೆಂಗೈತಿ ಎಂದು ಕೇಳುತ್ತಿದ್ದರು. ತಾರಾಬಾಯಿ ಬೀದಿಯ ಚರಂಡಿಗೆ ಹೋಗಿ, ತಿಂದ ಎರಡು ತುತ್ತನ್ನೂ ಕಾರಿದಳು.

ಸತ್ಕಾರದ ದಿನ ಹಾಲು ತುಂಬಿತು. ಸಮಾಜದ ಹದಿನೈದು ಇಪ್ಪತ್ತು ಗಂಡಸರು, ಹೆಂಗಸರೆಲ್ಲ ಬಾಗಿಲ ಬಳಿ ನಿಂತವರು. ಹಾಯಾಗಿ ಕುಳಿತ ಹೆಂಗಸು ಕಮಲಾಬಾಯಿ ಒಬ್ಬಳೇ, ತಾತ್ಯಾಸಾಹೇಬರ ಪಕ್ಕದಲ್ಲಿ. ಜಿನಮತಿಗೆ ಒಂದು ಕುರ್ಚಿ ಹಾಕಿದ್ದರು. ಅವಳು ಅದರ ತುದಿಯಲ್ಲಿ, ಈಗ ಏಳುತ್ತೇನೆ ಎಂಬಂತೆ ಕುಳಿತಿದ್ದಳು. ತಾತ್ಯಾಸಾಹೇಬರು ಶಾಲು ಹೊದಿಸಿದರು. ಭಾವುಸಾಹೇಬರು ತ್ಯಾಗ, ಸಂಯಮ ಎಂದು ಕಾಲು ತಾಸು ಮಾತಾಡಿದರು. ಹೊಟ್ಟೆ ತುಂಬಿದವನಿಗೆ ಉಪವಾಸದ ಮೇಲೆ ಎಷ್ಟು ಮಾತು ಹುಟ್ಟುತ್ತವೆ ಎಂದು ತಾರಾಬಾಯಿ ಕಟ್ಟೆಯ ಹಿಂದೆ ನಿಂತು ಕೇಳುತ್ತಿದ್ದಳು. ಕಿಟಕಿಯಲ್ಲಿ ಸೂರ್ಯ ಕಬ್ಬಿನಿಂದ ಎರಡು ಮಾರು ಮೇಲಿದ್ದ.

ಚಪ್ಪಾಳೆ ಮುಗಿಯಿತು. ಕಮಲಾಬಾಯಿ ಭಕ್ತಿಯಿಂದಲೇ ಕೇಳಿದಳು. "ವಹಿನಿ, ಏಕಾಶನದ ನೇಮ ಯಾವ ಮುನಿ ಮಹಾರಾಜರ ಕಡಿಂದ ತಗೊಂಡ್ರಿ?"

ಇಡೀ ಹಾಲೇ ಕಿವಿಯಾಯಿತು. ಜಿನಮತಿಗೆ ಇದ್ದದ್ದು ಎರಡೇ ದಾರಿ. ಮುನಿಗಳ ಹೆಸರು ಹಿಡಿದು ಸುಳ್ಳು ಹೇಳಬೇಕು, ಇಲ್ಲವೇ ಗಂಡನನ್ನು ಸುಳ್ಳುಗಾರನೆನ್ನಬೇಕು. ಅವಳು ಕತ್ತೆತ್ತಿ, ಇಡೀ ಹಾಲನ್ನು ದಾಟಿ, ಸೊಸೆಯನ್ನು ನೋಡಿದಳು.

ತಾರಾಬಾಯಿ ತಾಟು ತೆಗೆದುಕೊಂಡಳು. ಎರಡು ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಬಟ್ಟಲು ಮೊಸರು. ಗಂಡಸರ ಮೊಣಕಾಲುಗಳ ನಡುವೆ ನಡೆದು ಹೋಗಿ ಅತ್ತೆಯ ತೊಡೆಯ ಮೇಲೆ, ಶಾಲಿನ ಮೇಲೆಯೇ, ತಾಟು ಇಟ್ಟಳು.

"ಉಣ್ರಿ ಅತ್ತೀ. ಇನ್ನೂ ಹೊತ್ತೈತಿ."

ಭಾವುಸಾಹೇಬರು ಸಿಡಿದೆದ್ದರು. ಸೊಸೆಯ ಜತೆ ನೇರ ಮಾತಿಲ್ಲದ ಕಾರಣ ಮಗನಿಗೆ ಹೇಳಿದರು. "ಪಾರಿಸ, ಆಕಿಗೆ ಹೇಳು! ತಲಿ ಕೆಟ್ಟೈತೇನ? ಏಕಾಶನದಾಗ ಅದಾಳ ಆಕಿ!"

ಪಾರಿಸ ತನ್ನ ಕಾಲ ಹೆಬ್ಬೆರಳನ್ನು ನೋಡುತ್ತ ನಿಂತ. ಹನ್ನೊಂದು ವರ್ಷದಲ್ಲಿ ಮೊದಲ ಸಲ ತಾರಾಬಾಯಿ ಮಾವನ ಮುಖ ನೋಡಿ ಮಾತಾಡಿದಳು.

"ಏಕಾಶನ ಅಲ್ರಿ ಮಾವಾ. ಹಸವು. ನೀವು ಗ್ವಾಡಿ ಒಡದ್ರಿ, ನಮಗ ಉಣ್ಣಾಕ ಜಾಗಾ ಉಳೀಲಿಲ್ಲ. ನಿಮ್ಮ ಮಂದಿ ಏಳೂದ್ರಾಗ ಹೊತ್ತು ಮುಣಗತಿತ್ತು. ಮೊನ್ನೆ ನಾ ಪಾಯಖಾನ್ಯಾಗ ಕುಂತು ರೊಟ್ಟಿ ತಿಂದೀನಿ. ಅತ್ತಿ ಅಲ್ಲಿಗೇ ಬಂದು ನನಗೊಂದು ತುತ್ತು ಕೊಡ ಅಂದ್ರು. ಅಲ್ಲಿ ಬ್ಯಾಡ್ರಿ ಅಂದೀನಿ. ಈಗ ಇಲ್ಲಿ ನೀಡಾಕತ್ತೀನಿ."

ಎಲೆ ಅಡಿಕೆ ಅಗಿಯುತ್ತಿದ್ದವನೊಬ್ಬ ಅಗಿಯುವುದನ್ನು ನಿಲ್ಲಿಸಿದ. ಪಾಯಖಾನೆ ಎಂಬ ಶಬ್ದ ಆ ಮೊಸಾಯಿಕ್ ನೆಲದ ಮೇಲೆ, ಸೋಫಾದ ಮೇಲೆ, ಶಾಲಿನ ಜರಿಯ ಮೇಲೆ ಬಿದ್ದು ನಾರುತ್ತಿತ್ತು. ಕಮಲಾಬಾಯಿ ಬಾಯಿಗೆ ಸೆರಗು ಹಿಡಿದಳು.

ಜಿನಮತಿ ತಾಟನ್ನು ನೋಡಿದಳು. ಕಿಟಕಿಯನ್ನು ನೋಡಿದಳು. ಗಂಡನನ್ನು ಮಾತ್ರ ನೋಡಲಿಲ್ಲ. ರೊಟ್ಟಿ ಮುರಿದು, ಪಲ್ಯ ಹಿಡಿದು, ಬಾಯಿಗಿಟ್ಟುಕೊಂಡಳು. ಆಮೇಲೆ ನಿಲ್ಲಲಿಲ್ಲ. ಸುತ್ತ ಯಾರಿದ್ದಾರೆಂಬ ಪರಿವೆ ಇಲ್ಲದೆ, ಗಬಗಬ ಉಂಡಳು. ತಲೆಯ ಸೆರಗು ಜಾರಿ ಹೆಗಲಿಗೆ ಬಿತ್ತು. ಕೈ ಎಂಜಲಾಗಿತ್ತು, ಅವಳು ಎತ್ತಿಕೊಳ್ಳಲಿಲ್ಲ. ಬಿಳಿಯಾದ ಆ ತಲೆಯನ್ನು ಹೊರಗಿನವರು ನೋಡಿದ್ದು ಅದೇ ಮೊದಲು. ಮುದುಕಿಯ ಗಂಟಲಲ್ಲಿ ತುತ್ತು ಇಳಿಯುವ ಸಪ್ಪಳ ಮೂಲೆಯಲ್ಲಿದ್ದವರಿಗೂ ಕೇಳಿಸಿತು.

ತಾತ್ಯಾಸಾಹೇಬರು ಮೊದಲು ಎದ್ದರು. ಟೊಪ್ಪಿಗೆ ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಅವರ ಹಿಂದೆ ಒಬ್ಬೊಬ್ಬರೇ ಚಪ್ಪಲಿ ಹುಡುಕಿದರು. ಕೊನೆಗೆ ಎದ್ದ ಕಮಲಾಬಾಯಿ ಜಿನಮತಿಯ ತಾಟಿಗೆ ಇನ್ನೊಂದು ಚಮಚ ಪಲ್ಯ ಹಾಕಿ ಹೋದಳು. ಸೂರ್ಯ ಮುಳುಗುವ ಹೊತ್ತಿಗೆ ಹಾಲಿನಲ್ಲಿ ಉಳಿದವರು ಮನೆಯವರಷ್ಟೇ. ತಾರಾಬಾಯಿ ತನ್ನ ರೊಟ್ಟಿಯನ್ನು ಅಷ್ಟರಲ್ಲಿ ಉಂಡು ಮುಗಿಸಿದ್ದಳು, ನೆಲದ ಮೇಲೆ ಕುಳಿತು.

ಮರುದಿನ ಬೆಳಗಾಗುತ್ತಲೇ ಭಾವುಸಾಹೇಬರು ಮಾಳಸಿದ್ದನನ್ನು ಕರೆಸಿದರು. ಹೆಂಡತಿ ಎರಡು ತಿಂಗಳು ಹಸಿದಿದ್ದಳೆಂಬುದರ ಬಗ್ಗೆ ಅವರ ಬಾಯಿಂದ ಒಂದು ಮಾತೂ ಬರಲಿಲ್ಲ. ಮಾನ ಹೋಯಿತೆಂಬ ಸಂಕಟ ಮಾತ್ರ ಇತ್ತು. ಕಡಪಾ ಕಟ್ಟೆಯ ಮುಂದೆ ನಿಂತು, ಬೆರಳಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದರು.

"ಇಲ್ಲಿಂದ ಆ ಮೂಲಿ ತನಕ ಗ್ವಾಡಿ ಎತ್ತು. ಸ್ಲ್ಯಾಬಿನ ತನಕ. ಈ ಹೆಂಗಸರ ಮಾರಿ ಮಂದಿಗೆ ಕಾಣಬಾರದು."

ಮಾಳಸಿದ್ದ ದಾರದ ಒಂದು ತುದಿಯನ್ನು ಮೊಳೆಗೆ ಕಟ್ಟಿದ. ಆದರೆ ಇನ್ನೊಂದು ತುದಿ ಕೈಯಲ್ಲಿ ಹಿಡಿದುಕೊಂಡು ನಿಂತ. ಹೆಂಗಸರು ಎಲ್ಲಿ ಕೂರುವುದೆಂದು ಹೋದ ವರ್ಷ ಕೇಳಿದ ಮಾತಿಗೆ ಉತ್ತರ ಸಿಕ್ಕಿರಲಿಲ್ಲ. ಈ ಸಲ ಅವನು ಸಾಹೇಬರನ್ನು ಕೇಳಲಿಲ್ಲ.

"ಏನ ಮಾಡ್ಲಿರಿ ಅವ್ವಾರ?"

ಜಿನಮತಿ ಸೋಫಾದ ಮೇಲೆ ಕುಳಿತಿದ್ದಳು. ಊದಿದ ಎರಡೂ ಕಾಲನ್ನು ಟೀಪಾಯಿಯ ಮೇಲೆ ಚಾಚಿದ್ದಳು. ತಲೆಯ ಮೇಲೆ ಸೆರಗಿರಲಿಲ್ಲ. ಕೈಯಲ್ಲಿ ಚಹಾದ ಬಸಿ ಇತ್ತು. ಒಂದು ಗುಟುಕು ಕುಡಿದು, ಬಸಿ ಕೆಳಗಿಟ್ಟು, ಗಂಡನಿಗೆ ಕೇಳುವಂತೆ ಮಾಳಸಿದ್ದನಿಗೆ ಹೇಳಿದಳು.

"ಬ್ಯಾಡಪಾ. ನಮಗ ಬೇಕಾಗಿದ್ದಾಗ ಕೆಡವಿದ್ರು, ಈಗ ನಮಗ ಬ್ಯಾಡ. ನಾವು ಉಣ್ಣೂದು ನೋಡಿ ಯಾರಿಗೆ ನಾಚಿಕಿ ಬರತೈತಿ, ಅವರು ಬಚ್ಚಲಾಗ ಹೋಗಿ ಕುಂಡ್ರಲಿ. ಬಾಗಲಾ ಐತಿ. ಬಕೆಟ್ಟೂ ಐತಿ."

ಮಾಳಸಿದ್ದ ಮೊಳೆ ಕಿತ್ತು ದಾರ ಸುತ್ತಿಕೊಂಡ. ಭಾವುಸಾಹೇಬರು ಚಪ್ಪಲಿ ಮೆಟ್ಟಿ ಹೊಲದ ಕಡೆ ನಡೆದರು. ತಾರಾಬಾಯಿ ತನ್ನ ಚಹಾ ಸೋಸಿಕೊಂಡು ಬಂದು, ಅತ್ತೆಯ ಪಕ್ಕದಲ್ಲಿ, ಮಾವನ ಜಾಗದಲ್ಲಿ ಕುಳಿತಳು.